ಅಳಿವೆಯೂ ಪಟ್ಟಣವೂ: ಕನ್ನಡ ಕರಾವಳಿಯ ಕೈಗಾರಿಕೆ ಮತ್ತು ನಗರವೃದ್ಧಿಯ ವಿಚಾರ

೧. ಪೀಠಿಕೆ

ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ವಣಿಕ್ಪಥಗಳ ತಾರತಮ್ಯವನ್ನು ಕುರಿತ ಒಂದು ಸಣ್ಣ ಚರ್ಚೆಯುಂಟು. ಜಲಮಾರ್ಗವು ಮೇಲೋ ಸ್ಥಲಮಾರ್ಗವು ಮೇಲೋ ಎಂಬುದು ಅಲ್ಲಿಯ ಪ್ರಶ್ನೆ. ಕಡಮೆ ವೆಚ್ಚದಿಂದಲೂ ಕಡಮೆ ಶ್ರಮದಿಂದಲೂ ಹೆಚ್ಚು ಸರಕನ್ನು ಸಾಗಿಸಬಹುದಾದುದರಿಂದ ಜಲಮಾರ್ಗವೇ ಮೇಲೆಂದು ಪೂರ್ವಾಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ನೀರಿನ ದಾರಿಯಲ್ಲಿ ಗತಿಗೆ ತಡೆಯುಂಟು, ಅದು ಸರ್ವಕಾಲಕ್ಕೂ ತೆರೆದಿರುವುದಿಲ್ಲ, ಅಪಾಯವೊದಗಿದರೆ ಪ್ರತೀಕಾರವಿಲ್ಲ ಎಂಬುದು ಅವನ ಆಕ್ಷೇಪ. ಆದರೂ ಜಲಮಾರ್ಗಗಳಲ್ಲಿಯೇ ಒಂದನ್ನು ಆರಿಸಬೇಕಾದಲ್ಲಿ, ನಡುಗಡಲ ದಾರಿಗಿಂತ ದಡವನ್ನು ಹಿಡಿದು ಸಾಗುವ ಕೂಲಪಥವು ಪಟ್ಟಣಗಳು ಹೆಚ್ಚಾಗಿರುವುದರಿಂದ ಲೇಸೆಂದೂ, ನದೀಪಥವು ಎಡೆಬಿಡದೆ ನಡೆಯುವುದರಿಂದ ಲೇಸೆಂದೂ ನಿರ್ಣಯಿಸುತ್ತಾನೆ.

ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ದೊರೆತು, ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಮುದ್ರಣಗೊಂಡು ಲೋಕಕ್ಕೆ ತಿಳಿದುಬಂದ ಈ ಗ್ರಂಥವು ಕನ್ನಡ ಕರಾವಳಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದುದಲ್ಲ. ಆದರೆ ಈ ಚರ್ಚೆಯ ಒಂದೊಂದು ಮಾತೂ ಆ ಕರಾವಳಿಗೆ ಅಳತೆಮಾಡಿ ಹೊಲಿದಂತೆ ಹೊಂದುತ್ತದೆ. ಪಶ್ಚಿಮಸಮುದ್ರದ ಈ ದಡದಲ್ಲಿ ಗತಿಗೆ ತಡೆಯೆಂದರೆ ಹೊಳೆಯ ಬಾಯಿಗೆ ಅಡ್ಡ ಬಿದ್ದ ಮರಳದಿಣ್ಣೆ. ಸರ್ವಕಾಲಕ್ಕೂ ತೆರೆದಿರದುದು ಮಳೆಗಾಲದ ಕಡಲು. ಎಡೆಬಿಡದೆ ನಡೆವ ದಾರಿಯೆಂದರೆ ಉಬ್ಬರದ ನೀರು ಏರುವಷ್ಟು ದೂರ ದೋಣಿಯನ್ನು ಒಳನಾಡಿಗೆ ಒಯ್ಯುವ ಹೊಳೆ.

ಕರಾವಳಿಯ ಪಟ್ಟಣಗಳ ಚರಿತ್ರೆಯನ್ನು ಈವರೆಗೆ ಬಹುಮಟ್ಟಿಗೆ ರಾಜವಂಶಗಳ ಕ್ರಮದಲ್ಲಿ ಹೇಳುವುದೇ ರೂಢಿ. ಆಳುಪರು ಏಳಿಸಿದರು, ವಿಜಯನಗರದವರು ಬೆಳೆಸಿದರು, ಪೋರ್ಚುಗೀಸರು ಕೆಡಿಸಿದರು, ಇಂಗ್ಲಿಷರು ಮಾರ್ಪಡಿಸಿದರು ಎಂಬ ಈ ನಿರೂಪಣೆ ಸುಳ್ಳಲ್ಲ, ಆದರೆ ಸಾಲದು. ಒಂದೇ ರಾಜನ ಆಶ್ರಯವನ್ನು ಪಡೆದ ಎರಡು ಪಟ್ಟಣಗಳಲ್ಲಿ ಒಂದು ಅಳಿದು ಒಂದು ಉಳಿದುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಳಿವೆ, ಹೊಳೆ, ಘಟ್ಟದ ದಾರಿ ಎಂಬ ಮೂರೂ ಒಂದು ನೇರದಲ್ಲಿ ಕೂಡಿದಲ್ಲಿ ಈ ನಾಡಿನಲ್ಲಿ ಪಟ್ಟಣ ಹುಟ್ಟಿದೆ; ಮೂರರಲ್ಲೊಂದು ತಪ್ಪಿದಾಗ ಕುಗ್ಗಿದೆ; ಹೊಳೆಯೇ ತಂದಿಟ್ಟ ದ್ರವ್ಯದಿಂದ ಅಲ್ಲಿ ಕೈಗಾರಿಕೆ ಬೆಳೆದಿದೆ. ಇದನ್ನು ನಿದರ್ಶನಗಳಿಂದ ತೋರಿಸುವುದೇ ಈ ಲೇಖನದ ಉದ್ದೇಶ.

೨. ನೆಲ, ಮಳೆ, ಅಳಿವೆ

ಪರಶುರಾಮನು ಕೊಡಲಿಯನ್ನೆಸೆದು ಕಡಲನ್ನು ಹಿಂದೂಡಿ ಈ ಭೂಮಿಯನ್ನು ಪಡೆದನೆಂಬ ಕಥೆ ಸಹ್ಯಾದ್ರಿಖಂಡದಲ್ಲಿಯೂ ಜನರ ಬಾಯಲ್ಲಿಯೂ ಪ್ರಸಿದ್ಧವಾಗಿದೆ. ಕಥೆಯ ಪ್ರಾಮಾಣ್ಯವೇನೇ ಇರಲಿ, ಬೆಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾಗಿ ಒದಗಿದ ನೆಲವಿದು ಎಂಬ ನೋಟವು ಅದರಲ್ಲಿ ಸರಿಯಾಗಿಯೇ ಇದೆ. ಉತ್ತರದ ಕಾಳಿಯಿಂದ ದಕ್ಷಿಣದ ನೇತ್ರಾವತಿಯವರೆಗೆ ಸುಮಾರು ೩೦೦ ಕಿಲೋಮೀಟರು ಹಬ್ಬಿದ ಈ ನಾಡಿನಲ್ಲಿ ಕಾರವಾರದ ಬಳಿ ಬೆಟ್ಟದ ಕವಲುಗಳು ಕಡಲಿಗೇ ಇಳಿದಿವೆ. ಮಂಗಳೂರಿನ ಕಡೆ ಸಹ್ಯಾದ್ರಿಯು ದೂರ ಸರಿದು, ನಡುವೆ ಮುರಕಲ್ಲಿನ ಚಪ್ಪಟೆ ಗುಡ್ಡಗಳೂ ಅವುಗಳ ನಡುವಣ ಬೈಲುಗಳೂ ಹರಡಿಕೊಂಡಿವೆ. ಈ ಮುರಕಲ್ಲಿಗೆ ಪಾಶ್ಚಾತ್ಯ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ೧೮೦೦-೦೧ರಲ್ಲಿ ಮಲಬಾರನ್ನೂ ಕನ್ನಡ ಜಿಲ್ಲೆಯನ್ನೂ ಸಂಚರಿಸಿ ಅವನು ಬರೆದ ವೃತ್ತಾಂತವು ೧೮೦೭ರಲ್ಲಿ ಪ್ರಕಟವಾಯಿತು.

ಮಳೆಯು ಈ ನಾಡಿನ ನಿಜವಾದ ಅರಸು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದು; ಕಡಲ ತಡಿಯಲ್ಲಿಯೂ ಅದು ೩,೦೦೦ಕ್ಕೆ ಕಡಮೆಯಾಗದು. ಇದರ ಬಹುಭಾಗವೆಲ್ಲ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಆ ಅವಧಿಯಲ್ಲಿ ಹಾಯಿಹಡಗುಗಳೆಲ್ಲ ದಡ ಸೇರುತ್ತಿದ್ದವು. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿ ಪೂಜಿಸುವ ಆಚಾರವು ವ್ಯಾಪಾರದ ವರ್ಷವು ಮತ್ತೆ ತೆರೆಯುವುದರ ಗುರುತೂ ಆಗಿದ್ದಿತು.

ಹೊಳೆಯು ಕಡಲನ್ನು ಕೂಡುವ ಬಾಯಿಗೆ ಕರಾವಳಿಯ ಕನ್ನಡದಲ್ಲಿ ಅಳಿವೆಯೆಂದು ಹೆಸರು. ಮಳೆಗಾಲದ ನೆರೆಯು ಘಟ್ಟದ ಮಣ್ಣನ್ನು ಹೊತ್ತು ತಂದು ಅಳಿವೆಯನ್ನು ಒಡೆದು ಕಡಲಿಗೆ ನುಗ್ಗುತ್ತದೆ. ನೆರೆಯಿಳಿದ ಮೇಲೆ ತೆರೆಗಳು ಮರಳನ್ನು ದಡದುದ್ದಕ್ಕೂ ಸಾಗಿಸಿ ಬಾಯಿಗೆ ಅಡ್ಡಲಾಗಿ ದಿಣ್ಣೆಯನ್ನು ಕಟ್ಟುತ್ತವೆ. ಹೀಗೆ ಬೆಳೆದ ಮರಳಿನ ನಾಲಗೆಯು ಕಡಲಿಗೂ ಹೊಳೆಗೂ ನಡುವೆ ನಿಂತು, ಒಳಗೆ ಅಲೆಯಿಲ್ಲದ ನೀರನ್ನು ಉಂಟುಮಾಡುತ್ತದೆ. ಅದೇ ದಿಣ್ಣೆಯು ದೊಡ್ಡ ಹಡಗನ್ನು ಒಳಗೆ ಬಿಡದೆ ತಡೆಯುತ್ತದೆ. ಕಾಪಾಡುವುದೂ ತಡೆಯುವುದೂ ಒಂದೇ ಮರಳೆಂಬ ಈ ವಿಷಯವನ್ನು ಮರೆತರೆ ಕರಾವಳಿಯ ನಗರಚರಿತ್ರೆಯು ಅರ್ಥವಾಗುವುದಿಲ್ಲ.

ಸ್ಥಳನಾಮಗಳು ಇದಕ್ಕೆ ಸಾಕ್ಷಿಯಾಗಿವೆ. ಬೆಂಗ್ರೆಯೆಂದರೆ ಮರಳಿನ ನಾಲಗೆ, ಕುದ್ರು ಎಂದರೆ ಹೊಳೆಯ ನಡುಗಡ್ಡೆ, ಪದವು ಎಂದರೆ ಮುರಕಲ್ಲಿನ ಬಯಲು, ಬೈಲು ಎಂದರೆ ಗದ್ದೆಯ ತಗ್ಗು, ದಕ್ಕೆಯೆಂದರೆ ದೋಣಿ ಕಟ್ಟುವ ಕಟ್ಟೆ. ಮಂಗಳೂರಿಗೆ ತುಳುವಿನಲ್ಲಿರುವ ಕುಡ್ಲವೆಂಬ ಹೆಸರನ್ನು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಕೂಡಲಿನಿಂದ ಬಂದುದೆಂದು ವಿವರಿಸುವುದುಂಟು. ಕಡಲ ಹೆಸರನ್ನು ಹೊತ್ತ ಊರುಗಳಿಗಿಂತ ಹೊಳೆಯ ಅಂಗಗಳ ಹೆಸರನ್ನು ಹೊತ್ತವು ಇಲ್ಲಿ ಹೆಚ್ಚಾಗಿ ಕಾಣುತ್ತವೆ.

೩. ಹಳೆಯ ಪಟ್ಟಣಗಳ ನೆಲೆ

ಹಳೆಯ ಪಟ್ಟಣಗಳ ನೆಲೆಯನ್ನು ನೋಡಿದರೆ ಮೊದಲು ಕಾಣುವ ಸಂಗತಿಯೊಂದುಂಟು. ಅವುಗಳಲ್ಲಿ ಅನೇಕವು ಕಡಲ ಅಂಚಿನಲ್ಲಿ ಇಲ್ಲ. ಬಾರ್ಕೂರು ಸೀತಾನದಿಯ ತಡಿಯಲ್ಲಿ ಒಳಗೆ ಇದೆ. ಅದರ ಸರಕು ಇಳಿಯುತ್ತಿದ್ದುದು ಸೀತಾ-ಸ್ವರ್ಣಾ ನದಿಗಳ ಅಳಿವೆಯ ಬಳಿಯ ಹಂಗಾರಕಟ್ಟೆಯಲ್ಲಿ. ಬಸರೂರು ಪಂಚಗಂಗಾವಳಿಯ ಅಳಿವೆಯಿಂದ ಒಳಕ್ಕೆ, ವಾರಾಹಿಯ ದಡದಲ್ಲಿ ನಿಂತಿದೆ. ಗೇರುಸೊಪ್ಪೆಯು ಹೊನ್ನಾವರದಿಂದ ಶರಾವತಿಯಲ್ಲಿ ಮೇಲಕ್ಕೆ ಸಾಗಿ, ದೋಣಿಯ ದಾರಿ ಮುಗಿದು ಘಟ್ಟದ ಏರು ತೊಡಗುವ ತಾಣದಲ್ಲಿದೆ. ಮಿರ್ಜಾನಿನ ಕೋಟೆಯು ಅಘನಾಶಿನಿಯ ಒಳನೀರನ್ನು ಕಾಯುವಂತೆ ಕಟ್ಟಿದುದು.

ಒಳಗೆ ನೆಲೆಸಿದುದಕ್ಕೆ ಎರಡು ಕಾರಣಗಳು ತೋರುತ್ತವೆ. ಒಂದು, ಕಡಲುಗಳ್ಳರ ಭಯ, ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ರೋಮಿನ ಪ್ಲಿನಿಯು ಈ ತೀರದ ನಿತ್ರಿಯಸ್ ಎಂಬ ಸ್ಥಳದ ಬಳಿಯ ಕಡಲುಗಳ್ಳರನ್ನು ಹೆಸರಿಸಿದ್ದಾನೆ. ಎರಡನೆಯದು ಇನ್ನೂ ಮುಖ್ಯ. ಈ ಪಟ್ಟಣಗಳ ಬದುಕು ಎರಡು ಬಗೆಯ ಸಾಗಾಟಗಳ ಸಂಧಿಯಲ್ಲಿ ಇದ್ದಿತು. ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನ ಮೇಲೆ ಮೆಣಸು, ಶುಂಠಿ, ಶ್ರೀಗಂಧ ಇಳಿದುಬರುತ್ತಿದ್ದವು. ಗದ್ದೆಗಳ ಅಕ್ಕಿ ದೋಣಿಗಳಲ್ಲಿ ಬಂದು ಸೇರುತ್ತಿತ್ತು. ಕಡಲಿನಿಂದ ಕುದುರೆ, ತಾಮ್ರ, ಖರ್ಜೂರ ಮೊದಲಾದುವು ಏರಿ ಹೋಗುತ್ತಿದ್ದವು. ಎತ್ತಿನ ಹೇರು ದೋಣಿಯಾಗುವ ಸ್ಥಳದಲ್ಲಿ ಗೋದಾಮು ಬೇಕು, ತೂಗುವವನು ಬೇಕು, ಸಾಲ ಕೊಡುವವನು ಬೇಕು, ಸುಂಕದವನು ಬೇಕು. ಇವರೆಲ್ಲ ಸೇರಿದಲ್ಲಿ ಕೇರಿಗಳಾಗುತ್ತವೆ. ಬಾರ್ಕೂರಿನ ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ, ಬಸರೂರಿನ ಪಡುವಕೇರಿ, ಮೂಡುಕೇರಿ ಎಂಬ ಹೆಸರುಗಳಲ್ಲಿ ಆ ವ್ಯವಸ್ಥೆಯು ಇನ್ನೂ ಅಡಗಿದೆ. ಶಾಸನಗಳು ಸೆಟ್ಟಿಕಾರರ ಸಂಘಗಳನ್ನೂ, ಹಂಜಮಾನವೆಂದು ಕರೆಯಲಾದ ಮುಸಲ್ಮಾನ ವರ್ತಕರ ಸಂಘಗಳನ್ನೂ ಹೆಸರಿಸುತ್ತವೆ.

ಪ್ರತಿಯೊಂದು ಅಳಿವೆಗೂ ಒಂದೊಂದು ಘಟ್ಟವು ಜೊತೆಯಾಗಿದ್ದುದನ್ನು ನೆನಪಿಡಬೇಕು. ಬಾರ್ಕೂರಿಗೆ ಆಗುಂಬೆ, ಬಸರೂರಿಗೆ ಹೊಸಂಗಡಿ, ಭಟ್ಕಳಕ್ಕೆ ಕೋಗಾರು, ಹೊನ್ನಾವರಕ್ಕೆ ಗೇರುಸೊಪ್ಪೆ, ಕುಮಟೆಗೆ ದೇವಿಮನೆ, ಅಂಕೋಲೆಗೆ ಅರಬೈಲು. ಮಂಗಳೂರಿಗೆ ಮಾತ್ರ ಚಾರ್ಮಾಡಿ, ಶಿರಾಡಿ, ಸಂಪಾಜೆ ಎಂದು ಒಂದಲ್ಲ, ಮೂರು. ೧೬೨೩ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲ್ಲೆಯು ಗೋವೆಯಿಂದ ಹೊನ್ನಾವರಕ್ಕೆ ಕಡಲ ದಾರಿಯಲ್ಲಿ ಬಂದು, ಅಲ್ಲಿಂದ ಗೇರುಸೊಪ್ಪೆಗೆ ಹೊಳೆಯಲ್ಲಿ ಸಾಗಿ, ಬಳಿಕ ಘಟ್ಟವನ್ನೇರಿ ಕೆಳದಿಯ ನಾಯಕರ ಇಕ್ಕೇರಿಯನ್ನು ಸೇರಿದನು. ಕಡಲು, ಹೊಳೆ, ಘಟ್ಟ ಎಂಬ ಸರಪಣಿಯ ಮೂರು ಕೊಂಡಿಗಳೂ ಅವನ ಒಂದೇ ಪಯಣದಲ್ಲಿ ಕಾಣಸಿಗುತ್ತವೆ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಐಶ್ವರ್ಯಕ್ಕೆ ಆಧಾರವಾಗಿದ್ದುದು ಇದೇ ಸರಪಣಿ.

ವಿದೇಶೀಯರ ಬರಹಗಳಲ್ಲಿಯೂ ಇದೇ ಚಿತ್ರವು ಕಾಣುತ್ತದೆ. ಆರನೆಯ ಶತಮಾನದ ಕೊಸ್ಮಾಸನು ಮೆಣಸನ್ನು ಕಳುಹಿಸುವ ಐದು ಬಂದರುಗಳಲ್ಲಿ ಮಂಗರೂಥ್ ಎಂಬುದನ್ನು ಎಣಿಸಿದ್ದಾನೆ. ಅದು ಮಂಗಳೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಹದಿನಾಲ್ಕನೆಯ ಶತಮಾನದ ನಡುವೆ ಇಬ್ನ್ ಬತೂತನು ಹೊನ್ನಾವರ, ಬಸರೂರು, ಬಾರ್ಕೂರು, ಮಂಗಳೂರುಗಳನ್ನು ಕ್ರಮವಾಗಿ ದಾಟಿಹೋದನು. ಹೊನ್ನಾವರದಲ್ಲಿ ಹುಡುಗಿಯರಿಗೆ ಹದಿಮೂರೂ ಹುಡುಗರಿಗೆ ಇಪ್ಪತ್ತಮೂರೂ ಪಾಠಶಾಲೆಗಳಿದ್ದುವೆಂದು ಅವನು ಬರೆದಿರುವುದು ಆ ಪಟ್ಟಣದ ಸಂಪತ್ತಿಗೂ ಸಂಸ್ಕೃತಿಗೂ ನಿದರ್ಶನ. ಮಂಗಳೂರನ್ನು ಕುರಿತು ಅವನು ಮೊದಲು ಹೇಳುವುದು ಅದರ ಅಳಿವೆಯ ವಿಸ್ತಾರವನ್ನು. ಫಾರಸ ಮತ್ತು ಯೆಮೆನ್ ದೇಶಗಳ ವರ್ತಕರ ಮಾತು ಅನಂತರ ಬರುತ್ತದೆ. ನಾವಿಕರ ಜೊತೆಯಲ್ಲಿ ಸಾಗುತ್ತಿದ್ದವನಿಗೆ ಯಾವುದು ಮುಖ್ಯವೆಂಬುದು ತಿಳಿದಿದ್ದಿತು.

೪. ಅನ್ವಯ ಮತ್ತು ವ್ಯತಿರೇಕ

ಈ ಪಟ್ಟಣಗಳಲ್ಲಿ ಹೆಚ್ಚಿನವು ಕುಗ್ಗಿದುವು. ಕಾರಣಗಳಾಗಿ ಸಾಮಾನ್ಯವಾಗಿ ಹೇಳುವವು ಮೂರು: ೧೫೬೫ರಲ್ಲಿ ವಿಜಯನಗರದ ಪತನ, ೧೫೬೮-೬೯ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆಯನ್ನು ಕಟ್ಟಿದುದು, ೧೬೬೫ರಲ್ಲಿ ಶಿವಾಜಿಯು ಕಡಲ ದಾರಿಯಿಂದ ಬಂದು ಬಸರೂರನ್ನು ಕೊಳ್ಳೆಹೊಡೆದುದು. ಭಟ್ಕಳದ ವಿಷಯದಲ್ಲಿ ಮೊದಲನೆಯ ಕಾರಣವು ಬಲವಾದುದೆಂದು ಒಪ್ಪಬೇಕು. ಕುದುರೆಯನ್ನು ಕೊಳ್ಳುವ ಅರಸನೇ ಇಲ್ಲದಾದಾಗ ಕುದುರೆಯ ಬಂದರು ನಿಲ್ಲಲಾರದು.

ಆದರೆ ಕಾರಣವನ್ನು ಸ್ಥಾಪಿಸಲು ನೈಯಾಯಿಕರು ಅನ್ವಯದ ಜೊತೆಗೆ ವ್ಯತಿರೇಕವನ್ನೂ ಕೇಳುತ್ತಾರೆ. ಯುದ್ಧವೇ ಪಟ್ಟಣಗಳನ್ನು ಕೆಡಿಸಿತೆಂದರೆ ಮಂಗಳೂರು ಎಲ್ಲಕ್ಕಿಂತ ಮೊದಲು ಕೆಡಬೇಕಾಗಿತ್ತು. ಪೋರ್ಚುಗೀಸರ ದಾಳಿ, ಕೆಳದಿಯವರ ಸಂಗ್ರಾಮ, ೧೭೬೩ರಲ್ಲಿ ಹೈದರನ ವಶವಾದುದು, ೧೭೮೩-೮೪ರ ದೀರ್ಘವಾದ ಮುತ್ತಿಗೆ, ಕೊನೆಗೆ ೧೭೯೯ರಲ್ಲಿ ಇಂಗ್ಲಿಷರ ಆಡಳಿತ, ಹೀಗೆ ಆ ಊರು ಕಂಡಷ್ಟು ಕೈಬದಲಿಗಳನ್ನು ಬಸರೂರು ಕಾಣಲಿಲ್ಲ. ಆದರೂ ಮಂಗಳೂರು ಪ್ರತಿಸಲವೂ ಎದ್ದು ನಿಂತಿತು. ಬಾರ್ಕೂರು, ಬಸರೂರುಗಳು ಏಳಲಿಲ್ಲ. ಹಡಗುಗಳು ದೊಡ್ಡವಾದಂತೆ ಕಿರಿಯ ಹೊಳೆಗಳೊಳಗಿನ ತಾಣಗಳು ಅವುಗಳಿಗೆ ನಿಲುಕದೆ ಹೋದವು. ಮಂಗಳೂರಿಗೆ ಎರಡು ಹೊಳೆಗಳ ನೀರೂ ಮೂರು ಘಟ್ಟಗಳ ಸರಕೂ ಇದ್ದವು.

ವ್ಯತಿರೇಕಕ್ಕೆ ಇನ್ನೂ ತೀಕ್ಷ್ಣವಾದ ಉದಾಹರಣೆ ಕಾರವಾರ ಮತ್ತು ಕುಮಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ದೇವಿಮನೆ ಘಟ್ಟವನ್ನಿಳಿದು ಕುಮಟೆಯಲ್ಲಿ ಹಡಗೇರುತ್ತಿತ್ತು. ಕುಮಟೆಯ ನೆಲದಲ್ಲಿ ಹತ್ತಿ ಬೆಳೆಯದಿದ್ದರೂ ಲೋಕದ ಪೇಟೆಗಳಲ್ಲಿ ಆ ತಳಿಗೇ ಕುಮಟಾ ಹತ್ತಿಯೆಂದು ಹೆಸರು ನಿಂತಿತು. ಬೆಳೆದ ನಾಡನ್ನು ಮರೆಯಿಸಿ, ಸಾಗಿಸಿದ ಬಂದರಿನ ಹೆಸರು ಸರಕಿಗೆ ಅಂಟಿಕೊಂಡುದು ವಿಚಾರಾರ್ಹವಾದ ಸಂಗತಿ. ೧೮೬೧ರಿಂದ ೧೮೬೫ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿಗೆ ಹತ್ತಿಯ ಬರ ಬಂದಾಗ ಇಂಗ್ಲಿಷರ ದೃಷ್ಟಿ ಕಾರವಾರದತ್ತ ತಿರುಗಿತು. ಕೊಲ್ಲಿಯೂ ಭೂಶಿರವೂ ದ್ವೀಪಗಳೂ ಕಾಪಾಡುವ ಅಷ್ಟು ಆಳವಾದ ನೀರು ಈ ದಡದಲ್ಲಿ ಬೇರೆಡೆ ಅಪೂರ್ವ. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿತು; ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು; ಬಂದರಿಗೆ ರೈಲುದಾರಿಯನ್ನು ತರುವ ಯೋಚನೆಗಳು ನಡೆದವು. ಆದರೆ ಆ ರೈಲು ಬರಲಿಲ್ಲ. ೧೮೮೮ರಲ್ಲಿ ಒಳನಾಡಿನ ರೈಲುದಾರಿಯು ಕ್ಯಾಸಲ್‌ರಾಕಿನ ಮೂಲಕ ಗೋವೆಯ ಮಾರ್ಮಗೋವೆಯನ್ನು ಸೇರಿತು. ಹುಬ್ಬಳ್ಳಿಯ ಹತ್ತಿಯು ಆ ದಾರಿಯನ್ನು ಹಿಡಿಯಿತು. ಕುಮಟೆಯ ಪೇಟೆ ಇಳಿಯಿತು. ಕಾರವಾರವು ಕಚೇರಿಗಳ ಊರಾಗಿ ಉಳಿಯಿತು. ಒಳ್ಳೆಯ ಬಂದರು ಒಂದೇ ನಗರವನ್ನು ಬೆಳೆಸಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಬಹುಕಾಲಾನಂತರ, ೨೦೦೫ರಲ್ಲಿ, ಭಾರತದ ನೌಕಾದಳವು ಕದಂಬವೆಂಬ ಹೆಸರಿನ ನೆಲೆಯನ್ನು ಅಲ್ಲಿ ಸ್ಥಾಪಿಸಿತು. ವ್ಯಾಪಾರಕ್ಕೆ ಕೊರತೆಯಾಗಿದ್ದ ಬೆಟ್ಟದ ಗೋಡೆಯು ನೌಕಾನೆಲೆಗೆ ಮರೆಯಾಗಿ ಒದಗಿತು.

೫. ಮಣ್ಣಿನಿಂದ ಎದ್ದ ಕೈಗಾರಿಕೆ

ಇಲ್ಲಿಯವರೆಗೆ ಹೇಳಿದುದು ಸಾಗಾಟದ ಮಾತು. ಕೈಗಾರಿಕೆಯ ಚರಿತ್ರೆಯಲ್ಲಿ ಹೊಳೆಯ ಪಾತ್ರವನ್ನು ತಿಳಿಯಲು ಮಂಗಳೂರಿನ ಹಂಚಿಗಿಂತ ಉತ್ತಮವಾದ ದೃಷ್ಟಾಂತವಿಲ್ಲ.

ಇಂಥ ಮಳೆಯ ನಾಡಿನಲ್ಲಿ ಮಾಡು ಎಂಬುದು ಮನೆಯ ಅರ್ಧ. ಸಾಮಾನ್ಯರು ಮುಳಿಹುಲ್ಲು, ಒಣಹುಲ್ಲು, ತೆಂಗಿನ ಮಡಲುಗಳನ್ನು ಹೊದಿಸುತ್ತಿದ್ದರು. ಅದನ್ನು ಪ್ರತಿ ವರ್ಷವೂ ಮಳೆಗೆ ಮುಂಚೆ ಹೊಸದಾಗಿ ಹೊದಿಸಬೇಕು; ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಯೇ ಸುಟ್ಟುಹೋಗುವುದು. ಕುಂಬಾರರ ನಾಡಹಂಚು ಕೈಯಿಂದ ಮಾಡಿದುದಾದ್ದರಿಂದ ಒಂದಕ್ಕೊಂದು ಬಿಗಿಯಾಗಿ ಕೂಡುತ್ತಿರಲಿಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸಂಸ್ಥೆಯವರು ಮುದ್ರಣಾಲಯವನ್ನೂ ನೇಯ್ಗೆಯ ಕಾರ್ಖಾನೆಯನ್ನೂ ನಡೆಸಿದ ಮೇಲೆ, ೧೮೬೫ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ಎಂಬವನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಅಚ್ಚಿನಲ್ಲಿ ಒತ್ತಿ, ಅಂಚಿಗೆ ಅಂಚು ಕೊಂಡಿಯಂತೆ ಸೇರುವಂತೆ ಮಾಡಿದ ಈ ಹಂಚಿನ ರೂಪವು ಫ್ರಾನ್ಸಿನಿಂದ ಬಂದುದು. ಆದರೆ ರೂಪವು ಎಲ್ಲಿಂದ ಬಂದರೂ ಕೈಗಾರಿಕೆಯು ಅಲ್ಲಿಯೇ ಬೇರೂರಿದುದಕ್ಕೆ ಕಾರಣವು ನೆಲದಲ್ಲಿದೆ.

ಮೊದಲನೆಯದು ಮಣ್ಣು. ಗುಡ್ಡದ ಮುರಕಲ್ಲು ಹಂಚಿಗೆ ಒದಗುವುದಲ್ಲ. ಆದರೆ ಘಟ್ಟದ ಬಂಡೆಗಳು ಮಳೆಗೆ ಕೊಳೆತು, ನುಣುಪಾದ ಮಣ್ಣಾಗಿ, ನೇತ್ರಾವತಿ ಮತ್ತು ಗುರುಪುರ ಹೊಳೆಗಳ ನೆರೆಯೊಡನೆ ಇಳಿದು, ಹೊಳೆಯು ನಿಧಾನವಾಗುವ ತಗ್ಗಿನ ಬೈಲುಗಳಲ್ಲಿ ನಿಲ್ಲುತ್ತದೆ. ಈ ಜೇಡಿಮಣ್ಣು ಅಂಟೂ ಹೌದು, ಬೆಂಕಿಯಲ್ಲಿ ಕೆಂಪೇರಿ ಗಟ್ಟಿಯಾಗುವ ಕಬ್ಬಿಣದ ಅಂಶವುಳ್ಳದ್ದೂ ಹೌದು. ಎರಡನೆಯದು ಸಾಗಾಟ. ಮಣ್ಣು ಭಾರವಾದ, ಬೆಲೆಯಿಲ್ಲದ ಸರಕು. ಗಾಡಿಯ ಮೇಲೆ ದೂರ ಒಯ್ದರೆ ಬಾಡಿಗೆಯೇ ಬೆಲೆಯನ್ನು ನುಂಗುವುದು. ದೋಣಿಯಲ್ಲಿ ಮಾತ್ರ ಅದನ್ನು ಅಗ್ಗವಾಗಿ ತರಬಹುದು. ಮೂರನೆಯದು ಸೌದೆ, ಅದೂ ಮೇಲಣ ಕಾಡುಗಳಿಂದ ಹೊಳೆಯಲ್ಲಿಯೇ ಇಳಿಯುತ್ತಿತ್ತು. ನಾಲ್ಕನೆಯದು ಸುಟ್ಟ ಹಂಚಿನ ರಫ್ತು. ಕಾರ್ಖಾನೆಯ ಕಟ್ಟೆಯಿಂದಲೇ ಹಂಚನ್ನು ಮಚ್ವೆಗಳಿಗೂ ಮಂಜಿಗಳಿಗೂ ಏರಿಸಬಹುದಾಗಿತ್ತು. ಕಚ್ಚಾವಸ್ತು, ಉರುವಲು, ಸಿದ್ಧವಸ್ತು ಎಂಬ ಮೂರನ್ನೂ ಒಂದೇ ನೀರು ಹೊತ್ತುದರಿಂದ ಜೆಪ್ಪು, ಬೋಳಾರ, ಹೊಯಿಗೆಬಜಾರು, ಕುದ್ರೋಳಿಗಳ ನೀರಂಚಿನಲ್ಲಿ ಹೊಗೆಗೂಡುಗಳು ಸಾಲಾಗಿ ಎದ್ದವು.

ಮಳೆಯು ಇಲ್ಲಿ ಕಾಲದ ಲೆಕ್ಕವನ್ನೂ ಇಡುತ್ತಿತ್ತು. ಕೊಯ್ಲಾದ ಮೇಲೆ ಬೇಸಗೆಯಲ್ಲಿ ಗದ್ದೆಗಳಿಂದ ಮಣ್ಣನ್ನು ತೆಗೆದು, ಜೂನಿಗೆ ಮುಂಚೆ ಕಾರ್ಖಾನೆಯಂಗಳದಲ್ಲಿ ರಾಶಿಹಾಕಿಕೊಳ್ಳಬೇಕು. ಒತ್ತಿದ ಹಸಿಹಂಚನ್ನು ಬಿಸಿಲಿಗೆ ನೇರವಾಗಿ ಇಡದೆ, ಚಪ್ಪರದ ನೆರಳಿನಲ್ಲಿ ಅಟ್ಟಣಿಗೆಗಳ ಮೇಲೆ ಒಣಗಿಸಬೇಕು. ಆದಕಾರಣ ಈ ಕಾರ್ಖಾನೆಗಳು ಉದ್ದನೆಯ ಮಾಡುಗಳುಳ್ಳ ವಿಶಾಲವಾದ ಕಟ್ಟಡಗಳಾದುವು; ಗಂಡಸರಂತೆಯೇ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಕೂಲಿಗೆ ಬಂದರು. ಕಾರ್ಖಾನೆಯ ಗಂಟೆಗೆ ಎದ್ದು ವಾರದ ಕೂಲಿಗೆ ಬದುಕುವ ಒಂದು ಹೊಸ ವರ್ಗವು ಮಂಗಳೂರಿನಲ್ಲಿ ಮೊದಲು ಕಾಣಿಸಿಕೊಂಡುದು ಈ ಹಂಚು, ನೇಯ್ಗೆಗಳ ಕಾರ್ಖಾನೆಗಳಲ್ಲಿ.

ಮಿಶನಿನವರ ವಿದ್ಯೆಯು ಅವರಲ್ಲಿಯೇ ಉಳಿಯಲಿಲ್ಲ. ೧೮೬೮ರಲ್ಲಿ ಆಲ್ಬುಕರ್ಕ್ ಮನೆತನದವರು ಭಾರತೀಯರ ಒಡೆತನದ ಮೊದಲ ಕಾರ್ಖಾನೆಯನ್ನು ತೆರೆದರು. ಅನಂತರ ಅನೇಕರು ಬಂದರು. ಹಂಚು ಮುಂಬಯಿಗೂ ಸಿಂಹಳಕ್ಕೂ ಬರ್ಮಕ್ಕೂ ಪೂರ್ವ ಆಫ್ರಿಕಕ್ಕೂ ಹೋಯಿತು. ಕುಮಟೆಯ ಹೆಸರು ಹತ್ತಿಗೆ ಅಂಟಿದಂತೆ ಮಂಗಳೂರಿನ ಹೆಸರು ಹಂಚಿಗೆ ಅಂಟಿತು. ಆದರೆ ಕುಮಟೆಯು ಕೊಟ್ಟುದು ಕೇವಲ ಹೆಸರನ್ನು. ಮಂಗಳೂರು ಕೊಟ್ಟುದು ತನ್ನ ಮಣ್ಣನ್ನು. ಸಾಗಾಟವನ್ನೇ ನಂಬಿದ ಊರಿಗೂ ತನ್ನ ನೆಲದಿಂದ ಏನನ್ನಾದರೂ ಹುಟ್ಟಿಸಿದ ಊರಿಗೂ ಇರುವ ಅಂತರವು ಇದರಿಂದ ತಿಳಿಯುತ್ತದೆ.

೬. ಗಾಳಿಯ ಕೊಡುಗೆ, ಮನುಷ್ಯನ ಕೈ

ಹಂಚು ಮಣ್ಣಿನಿಂದ ಬಂದರೆ ಕಾಫಿಯು ಘಟ್ಟದ ದಾರಿಯಿಂದ ಬಂದಿತು. ಕೊಡಗು ಮತ್ತು ಚಿಕ್ಕಮಗಳೂರಿನ ತೋಟಗಳ ಬೀಜವನ್ನು ಮಂಗಳೂರಿಗೆ ಇಳಿಸಿ, ಸಿಪ್ಪೆ ತೆಗೆದು, ಆರಿಸಿ, ಮೂಟೆಕಟ್ಟುವ ಕೆಲಸಕ್ಕೆ ದೊಡ್ಡ ಅಂಗಳಗಳುಳ್ಳ ಕಾರ್ಖಾನೆಗಳೆದ್ದವು. ಇಲ್ಲಿಯೂ ಪ್ರಕೃತಿಯ ಒಂದು ವಿನೋದವುಂಟು. ಹಾಯಿಹಡಗುಗಳ ಕಾಲದಲ್ಲಿ ಯೂರೋಪಿಗೆ ತಿಂಗಳುಗಟ್ಟಲೆ ಸಾಗುತ್ತಿದ್ದ ಬೀಜವು ಕಡಲ ತೇವವನ್ನು ಹೀರಿ, ಉಬ್ಬಿ, ಹಳದಿಯ ಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಉಗಿಹಡಗು ಬಂದು ದಾರಿಯು ಕಿರಿದಾದಾಗ ಆ ರುಚಿ ಇಲ್ಲದಾಯಿತು. ಕೊಳ್ಳುವವರು ಹಳೆಯದನ್ನೇ ಬಯಸಿದರು. ಆಗ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜವನ್ನು ಹರಡಿ ಅದೇ ಗುಣವನ್ನು ತರಿಸಲಾಯಿತು. ವ್ಯಾಪಾರವನ್ನು ನಾಲ್ಕು ತಿಂಗಳು ಮುಚ್ಚಿಸುತ್ತಿದ್ದ ಗಾಳಿಯೇ ಒಂದು ಸರಕಿನ ಸಂಸ್ಕಾರಕ್ಕೆ ಸಾಧನವಾಯಿತು. ಪೋರ್ಚುಗೀಸರು ತಂದ ಗೇರುಮರವು ಬೇರೇನೂ ಬೆಳೆಯದ ಮುರಕಲ್ಲಿನ ಗುಡ್ಡಗಳಲ್ಲಿ ಹಬ್ಬಿ, ಇಪ್ಪತ್ತನೆಯ ಶತಮಾನದಲ್ಲಿ ಗೋಡಂಬಿಯ ಕಾರ್ಖಾನೆಗಳಿಗೆ ದಾರಿಮಾಡಿಕೊಟ್ಟುದೂ ಇಂಥದೇ ಮಾತು. ಅಘನಾಶಿನಿಯ ಹಿನ್ನೀರಿನಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟೆಯವರು ಉಪ್ಪನ್ನು ಬೆಳೆಯುವುದೂ, ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ಸೈರಿಸುವ ಕಗ್ಗ ಭತ್ತವನ್ನು ಬಿತ್ತುವುದೂ ಕೊರತೆಯನ್ನು ಸಂಪತ್ತಾಗಿ ಮಾಡಿಕೊಂಡ ನಿದರ್ಶನಗಳು.

ಇಷ್ಟರಿಂದ ನೆಲವ್ಯವಸ್ಥೆಯೇ ಎಲ್ಲವನ್ನೂ ನಿರ್ಣಯಿಸುತ್ತದೆಂದು ಹೇಳುವುದು ಅತಿವ್ಯಾಪ್ತಿಯಾಗುತ್ತದೆ. ಬೀಡಿಯ ಕೈಗಾರಿಕೆಯು ಇದಕ್ಕೆ ಬಾಧಕ. ಅದರ ಎಲೆಯೂ ಹೊಗೆಸೊಪ್ಪೂ ಹೊರನಾಡಿನವು; ಆದರೂ ಕರಾವಳಿಯ ಸಾವಿರಾರು ಮನೆಗಳ ಜಗಲಿಗಳಲ್ಲಿ ಅದು ಬಹುಕಾಲ ಹೆಂಗಸರ ಕೈಗೆ ಕೆಲಸ ಕೊಟ್ಟಿತು. ಬ್ಯಾಂಕುಗಳ ಹುಟ್ಟೂ ಹಾಗೆಯೇ. ೧೯೦೬ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನೂ, ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ ಸ್ಥಾಪಿಸಿದರು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಸಿಂಡಿಕೇಟ್, ೧೯೩೧ರಲ್ಲಿ ವಿಜಯಾ ಬ್ಯಾಂಕುಗಳು ಹುಟ್ಟಿದವು. ವರ್ಷದಲ್ಲಿ ನಾಲ್ಕು ತಿಂಗಳು ಹಣವು ನಿಂತುಹೋಗಿ ಎಂಟು ತಿಂಗಳು ಹರಿಯುವ ನಾಡಿನಲ್ಲಿ ಸಾಲದ ವ್ಯವಸ್ಥೆಯು ಮುಖ್ಯವಾದುದು ನಿಜ. ಆದರೆ ಆ ಅಗತ್ಯವನ್ನು ಸಂಸ್ಥೆಯಾಗಿ ಕಟ್ಟಿದುದು ಮನುಷ್ಯರ ಬುದ್ಧಿ. ನೆಲವು ಪ್ರಶ್ನೆಯನ್ನು ಹಾಕುತ್ತದೆ; ಉತ್ತರವನ್ನು ಜನರೇ ಬರೆಯಬೇಕು.

೭. ಅಳಿವೆಯನ್ನು ಬಿಟ್ಟ ಬಂದರು

ಮಂಗಳೂರಿನ ಹಳೆಯ ಬಂದರಿನಲ್ಲಿ ಉಗಿಹಡಗುಗಳು ದಿಣ್ಣೆಯ ಆಚೆ ಕಡಲಿನಲ್ಲಿ ಲಂಗರು ಹಾಕಿ ನಿಂತು, ದೋಣಿಗಳಿಂದ ಸರಕನ್ನು ಕೊಟ್ಟುಕೊಳ್ಳಬೇಕಾಗಿತ್ತು. ೧೯೦೭ರಲ್ಲಿ ತೆಂಕಣಿಂದ ಕರಾವಳಿಯ ಗುಂಟ ರೈಲು ಬಂದಿತು. ಆದರೆ ಘಟ್ಟವನ್ನು ರೈಲು ಏರಿದುದು ೧೯೭೯ರಲ್ಲಿ, ಹಾಸನ-ಮಂಗಳೂರು ದಾರಿಯು ಮುಗಿದಾಗ. ಅಷ್ಟರೊಳಗೆ ಅಳಿವೆಯ ಬಂಧನದಿಂದ ಬಿಡಿಸಿಕೊಳ್ಳುವ ಯತ್ನವು ನಡೆದಿದ್ದಿತು. ಹಳೆಯ ಬಂದರಿನಿಂದ ಬಡಗಣ ಪಣಂಬೂರಿನಲ್ಲಿ, ಹೊಳೆಯ ಬಾಯನ್ನು ಬಿಟ್ಟು, ನೆಲವನ್ನೇ ತೋಡಿ ಕಡಲ ನೀರನ್ನು ಒಳಗೆ ಬಿಟ್ಟು ಕಟ್ಟಿದ ನವಮಂಗಳೂರು ಬಂದರು ೧೯೭೪ರ ಮೇ ೪ರಂದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಯಿತು.

ಇದರಿಂದ ನಗರದ ತೂಕವು ತೆಂಕಣಿಂದ ಬಡಗಕ್ಕೆ ಸರಿಯಿತು. ಹೊಳೆಯಂಚಿನ ಬಂದರಿನ ಪೇಟೆ ಮೀನುಗಾರಿಕೆಗೂ ಲಕ್ಷದ್ವೀಪದ ಸಾಗಾಟಕ್ಕೂ ಉಳಿದುಕೊಂಡಿತು. ಪಣಂಬೂರಿನ ಸುತ್ತ ರಸಗೊಬ್ಬರದ ಕಾರ್ಖಾನೆಯೂ, ಕುದುರೆಮುಖದ ಅದಿರನ್ನು ಉಂಡೆಮಾಡುವ ಸ್ಥಾವರವೂ, ೧೯೯೬ರಿಂದ ಎಣ್ಣೆ ಶುದ್ಧೀಕರಣಾಲಯವೂ ನೆಲೆಯಾದವು. ೧೯೦೧ರಲ್ಲಿ ಸುಮಾರು ೪೪,೦೦೦ ಜನರಿದ್ದ ಊರು ೨೦೧೧ರ ಜನಗಣತಿಯ ಹೊತ್ತಿಗೆ ನಾಲ್ಕೂವರೆ ಲಕ್ಷವನ್ನು ಮೀರಿತು. ಅದೇ ಕಾಲದಲ್ಲಿ ಕಾಂಕ್ರೀಟಿನ ತಾರಸಿಯು ಬಂದು ಹಂಚಿನ ಹೊಗೆಗೂಡುಗಳು ಒಂದೊಂದಾಗಿ ಆರಿದುವು.

ಹೊಳೆಯ ಆಳ್ವಿಕೆ ಮುಗಿಯಿತೆಂದು ಇದರಿಂದ ತೋರಬಹುದು. ಆದರೆ ಹಾಗಲ್ಲ. ಕುದುರೆಮುಖದ ಅದಿರು ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ನೀರಿನೊಡನೆ ಕಲಸಿ ಘಟ್ಟವನ್ನಿಳಿದುಬರುತ್ತಿತ್ತು. ಭದ್ರೆಯ ಉಗಮದ ಕಾಡನ್ನೂ ನೀರನ್ನೂ ಕುರಿತ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೦೫ರ ಕೊನೆಗೆ ಆ ಗಣಿ ನಿಂತಿತು. ನಗರಕ್ಕೆ ಕುಡಿಯುವ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ. ದೊಡ್ಡ ಕಾರ್ಖಾನೆಗಳೂ ಅದೇ ಹೊಳೆಯನ್ನು ನಂಬಿವೆ. ೨೦೧೨ರ ಬೇಸಗೆಯಲ್ಲಿಯೂ ೨೦೧೯ರ ಬೇಸಗೆಯಲ್ಲಿಯೂ ಹೊಳೆ ಬತ್ತಿ ನೀರು ಸಾಲದೆ ಎಣ್ಣೆ ಶುದ್ಧೀಕರಣಾಲಯದ ಘಟಕಗಳನ್ನು ನಿಲ್ಲಿಸಬೇಕಾಯಿತು. ಕಚ್ಚಾ ಎಣ್ಣೆಯು ಕಡಲಾಚೆಯಿಂದ ತಪ್ಪದೆ ಬರುತ್ತಿದ್ದಿತು; ತಪ್ಪಿದುದು ಮನೆಯ ಹಿಂದಣ ಹೊಳೆ.

೮. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಸಿದ್ಧವಾಗುವುದೇನೆಂದರೆ, ಕನ್ನಡ ಕರಾವಳಿಯ ಪಟ್ಟಣಗಳು ಕಡಲ ಮಕ್ಕಳೆಂದು ಹೇಳುವುದು ಅರ್ಧಸತ್ಯ. ಕಡಲು ಎಲ್ಲ ಊರುಗಳಿಗೂ ಸಮಾನವಾಗಿ ಒದಗಿತ್ತು. ಅವುಗಳಲ್ಲಿ ಹೆಚ್ಚುಕಡಮೆಯನ್ನು ಉಂಟುಮಾಡಿದುದು ಹೊಳೆಯ ನೀರು, ಅದರ ಬಾಯಿ, ಅದರ ಹಿಂದಣ ಘಟ್ಟ. ಅರಸರ ದತ್ತಿಯೂ ದಾಳಿಯೂ ಈ ಬಲಗಳ ಮೇಲೆ ಕೆಲಸಮಾಡಿದುವೇ ಹೊರತು ಅವನ್ನು ಬದಲಾಯಿಸಲಿಲ್ಲ. ಬಾರ್ಕೂರಿನ ಶಾಸನಗಳನ್ನು ಓದುವವರು ಸೀತಾನದಿಯನ್ನೂ ಓದಬೇಕು. ವಂಶಾವಳಿಯ ಜೊತೆಗೆ ಅಳಿವೆಯ ಆಳವನ್ನೂ ಘಟ್ಟದ ಏರನ್ನೂ ಲೆಕ್ಕಕ್ಕೆ ತೆಗೆದುಕೊಂಡಲ್ಲಿ ಮಾತ್ರ ಕರಾವಳಿಯ ಚರಿತ್ರೆಯು ಪೂರ್ಣವಾದೀತು.

ಕೌಟಿಲ್ಯನು ನದೀಪಥವನ್ನು ಮೆಚ್ಚಿದುದಕ್ಕೆ ಹೇಳಿದ ಕಾರಣ ಅದರ ಸಾತತ್ಯ, ಎಂದರೆ ಎಡೆಬಿಡದ ಹರಿವು. ಎರಡು ಸಾವಿರ ವರ್ಷ ಕರಾವಳಿಯ ಪಟ್ಟಣಗಳು ಆ ಹರಿವನ್ನು ಪ್ರಶ್ನಿಸದೆ ನಂಬಿದುವು. ಕಡಲಿನ ತಡೆಯನ್ನು ಯಂತ್ರಗಳಿಂದ ಗೆದ್ದಿರುವ ಈ ಕಾಲದಲ್ಲಿ ಬೇಸಗೆಯ ಹೊಳೆಯೇ ಸಂದೇಹಕ್ಕೆ ಒಳಗಾಗಿದೆ. ಬಸರೂರಿನ ಹಾಳುಬಿದ್ದ ಕೇರಿಗಳು ಹೇಳುವ ಪಾಠವು ಚರಿತ್ರಕಾರರಿಗೆ ಮಾತ್ರವಲ್ಲದೆ, ನಗರಗಳನ್ನು ಕಟ್ಟುವವರಿಗೂ ಸಲ್ಲತಕ್ಕುದು.